ವಿಮಾನ ಮೇಷ್ಟ್ರ ಮಣಿಹಲಗೆ

ರೆಕಾರ್ಡು ಮಾಡಿ ಕೇಳಿದರೆ ನನ್ನ ದನಿ ನೆಗಡಿಯಾದವಳ ದನಿಯ ಹಾಗಿರುತ್ತದೆ. ಆ ವಾರ ದಿನಚರಿಯಲ್ಲಿ ನಾನು ಬರೆದುಕೊಂಡ ಚಿಂತೆ ಇದೊಂದೇ. ಏರೋಸ್ಪೇಸ್ ಇಂಜಿನಿಯರಿಂಗ್ ಓದಿ ಮುಗಿಸಿ ಮನೆಗೆ ಬಂದು ಕೂತವಳಿಗೆ ಇರಬೇಕಾದ ಚಿಂತೆಗಳು ಬೇರೆಯೇ ಇವೆ. ಆದರೆ ಅವನ್ನೆಲ್ಲ ಅಪ್ಪ, ಅಮ್ಮ, ಎದುರುಮನೆಯವರು ನನ್ನ ಪರವಾಗಿ ಹಂಚಿಕೊಂಡು ಮಾಡುತ್ತಿದ್ದರು. ನನ್ನ ಪಾಲಿಗೆ ಉಳಿದದ್ದು ಈ ಮೂಗಿನ ದನಿ.

ದನಿಯ ಮಾತು ಬಂದದ್ದು ಅಪ್ಪನ ಹಲಗೆಯಿಂದ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಮ್ಮ ಕಡೆ ಅವರ ಹೆಸರು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ವಿಮಾನ ಮೇಷ್ಟ್ರು ಎಂದರೆ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಮನೆ ತೋರಿಸುತ್ತಾನೆ. ಒಂದೇ ಒಂದು ಪಾಠದಿಂದ ಬಂದ ಹೆಸರು ಅದು. ವಿಮಾನ ಹೇಗೆ ಹಾರುತ್ತದೆ ಎನ್ನುವ ಪಾಠ.

ಅದಕ್ಕಾಗಿ ಅವರೇ ಒಂದು ಮರದ ಹಲಗೆ ಮಾಡಿಕೊಂಡಿದ್ದರು. ವಿಮಾನದ ರೆಕ್ಕೆಯನ್ನು ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣುತ್ತದೋ ಹಾಗೆ ಅದರ ಮೇಲೆ ಬಣ್ಣದಲ್ಲಿ ಬರೆದ ಚಿತ್ರ: ಮುಂದೆ ದಪ್ಪ ಮೂತಿ, ಹಿಂದೆ ಚೂಪು ಬಾಲ, ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಉಬ್ಬಿನ ಮೇಲೊಂದು ತಂತಿ, ಚಪ್ಪಟೆಯ ಕೆಳಗೊಂದು ತಂತಿ. ಮೇಲಿನ ತಂತಿಯಲ್ಲಿ ಕೆಂಪು ಮಣಿ, ಕೆಳಗಿನದರಲ್ಲಿ ನೀಲಿ ಮಣಿ. ಪಕ್ಕದ ಹಿಡಿ ತಿರುಗಿಸಿದರೆ ಎರಡೂ ಮೂತಿಯಿಂದ ಹೊರಟು, ಒಂದು ಮೇಲೆ, ಒಂದು ಕೆಳಗೆ ಹರಿದು, ಬಾಲದ ತುದಿಯಲ್ಲಿ ಟಕ್ ಎಂದು ಒಟ್ಟಿಗೆ ಸೇರುತ್ತಿದ್ದವು.

"ಇಬ್ಬರು ಗೆಳತಿಯರು ನೋಡ್ರಪ್ಪ," ಅಪ್ಪ ಶುರು ಮಾಡುತ್ತಿದ್ದರು. "ರೆಕ್ಕೆ ಮೂತಿ ಹತ್ರ ಕೈ ಬಿಟ್ಕೊಂಡ್ರು. ಒಬ್ಬಳು ಗುಡ್ಡ ಹತ್ತಿದಳು, ಇನ್ನೊಬ್ಬಳು ನೆಟ್ಟಗಿನ ದಾರಿ ಹಿಡಿದಳು. ಬಾಲದ ಹತ್ರ ಇಬ್ಬರೂ ಒಂದೇ ಹೊತ್ತಿಗೆ ಸೇರಬೇಕು. ಹಾಗಾದ್ರೆ ಗುಡ್ಡ ಹತ್ತಿದವಳು ಏನ್ ಮಾಡ್ಬೇಕು?"

"ಓಡ್ಬೇಕು ಸಾರ್!"

"ಓಡ್ಬೇಕು! ಗಾಳಿ ಓಡಿದ ಕಡೆ ಒತ್ತಡ ಕಮ್ಮಿ. ಕೆಳಗಿನ ಒತ್ತಡ ಜಾಸ್ತಿ, ಅದು ಮೇಲಕ್ಕೆ ನೂಕ್ತು. ಹಾರ್ತು ವಿಮಾನ!"

ಇಡೀ ತರಗತಿ ಕೂಗುತ್ತಿತ್ತು. ನಮ್ಮ ಮನೆಗೆ ಬಂದ ನೆಂಟರೂ ಈ ಪಾಠ ಕೇಳದೆ ಊಟಕ್ಕೆ ಕೂತದ್ದಿಲ್ಲ. ಅಮ್ಮ ಒಳಗಿನಿಂದ, "ಇವರ ಮಣಿಗಳು ಹೊತ್ತಿಗೆ ಸರಿಯಾಗಿ ಸೇರ್ತಾವೆ. ಇವರು ಮಾತ್ರ ಯಾವತ್ತೂ ಹೊತ್ತಿಗೆ ಸರಿಯಾಗಿ ಮನೆ ಸೇರಿದವರಲ್ಲ," ಎನ್ನುತ್ತಿದ್ದಳು.

ಹಲಗೆ ಮಾಡುವಾಗ ನಾನು ಚಿಕ್ಕವಳು, ಅಪ್ಪನ ಕೈಗೆ ಸಾಮಾನು ಎತ್ತಿಕೊಡುವ ಕೆಲಸ ನನ್ನದು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳ ಎರಡು ಖಾಲಿ ದಾರದ ರೀಲುಗಳನ್ನು ಹಲಗೆಯ ಹಿಂದೆ ಒಂದೇ ಕಂಬಿಗೆ ಪೋಣಿಸಿ ರಾಟೆ ಮಾಡಿದ್ದರು. ಮಣಿಗೆ ಕಟ್ಟಿದ ದಾರ ಅವಕ್ಕೆ ಸುತ್ತಿಕೊಳ್ಳಬೇಕು. ಮೊದಲ ಸಲ ತಿರುಗಿಸಿದಾಗ ಕೆಂಪು ಮಣಿ ಹಿಂದೆ ಬಿತ್ತು. ಮೇಲಿನ ತಂತಿ ಉದ್ದವಲ್ಲವೇ. ಅಪ್ಪ ಅದರ ರೀಲಿಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿದರು. ತಿರುಗಿಸಿದರು. ಇನ್ನೂ ಹಿಂದೆ. "ಇನ್ನೊಂದು ಸುತ್ತು ಕೊಡು ಪುಟ್ಟಿ." ಕೊಟ್ಟೆ. ತಿರುಗಿಸಿದರು. "ಇನ್ನೊಂದು." ಎರಡು ಮಣಿಗಳು ಸೇರುವ ತನಕ ಪಟ್ಟಿ ಸುತ್ತಿದೆವು. ಸೇರಿದಾಗ ನಾನು ಚಪ್ಪಾಳೆ ತಟ್ಟಿದೆ. ಗಾಳಿಯೇ ನಮ್ಮ ಮಾತು ಕೇಳಿದಷ್ಟು ಖುಷಿ.

ನಾನು ಏರೋಸ್ಪೇಸ್ ಓದಲು ಹೋದದ್ದು ಆ ಚಪ್ಪಾಳೆಯಿಂದಲೇ. ಬೇರೆ ಕಾರಣ ಹುಡುಕಿ ಬಹಳ ಸಲ ಬರೆದಿದ್ದೇನೆ, ಯಾವುದೂ ನಿಲ್ಲುವುದಿಲ್ಲ.

ಈಗ ಅಪ್ಪ ಪಾಠ ಮಾಡಿದ ಶಾಲೆಯಲ್ಲಿ ಹೊಸದಾಗಿ ವಿಜ್ಞಾನದ ಕೋಣೆ ಕಟ್ಟಿದ್ದರು. ಅದರ ಬಾಗಿಲ ಮೇಲೆ ಅಪ್ಪನ ಹೆಸರು. ಎದುರು ಗೋಡೆಗೆ ಗಾಜಿನ ಪೆಟ್ಟಿಗೆಯೊಳಗೆ ಈ ಮಣಿಹಲಗೆ. ಹಳೇ ವಿದ್ಯಾರ್ಥಿಯೊಬ್ಬ ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಅವನು ಹಲಗೆಗೆ ಮೋಟಾರು ಕೂರಿಸಿಕೊಟ್ಟ. ಗುಂಡಿ ಒತ್ತಿದರೆ ಮಣಿಗಳು ತಾವೇ ಹರಿಯುತ್ತವೆ, ಜೊತೆಗೆ ಪೆಟ್ಟಿಗೆಯಿಂದ ಪಾಠ ಕೇಳಿಸುತ್ತದೆ. ಇನ್ನು ಮುಂದೆ ಆ ಶಾಲೆಗೆ ಬರುವ ಪ್ರತಿಯೊಂದು ಮಗುವೂ ಆ ಗುಂಡಿ ಒತ್ತುತ್ತದೆ. ಪಾಠ ಹೇಳುವ ದನಿ ಯಾರದು ಎಂದು ಮೈಕಿನವನು ಕೇಳಿದಾಗ, ಅಪ್ಪ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಕೈ ತೋರಿಸಿದರು.

"ನನ್ನದ್ಯಾಕೆ? ಮಗಳು ಇಂಜಿನಿಯರು. ಅವಳು ಹೇಳಲಿ."

ಹುಟ್ಟಿದಂದಿನಿಂದ ನನ್ನ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಬಿಡದವರು ಅಪ್ಪ. ಯಾರಾದರೂ ನನ್ನನ್ನು ಹೆಸರು ಕೇಳಿದರೂ ಅವರೇ ಹೇಳುತ್ತಿದ್ದರು. ಅಂಥವರು ತಮ್ಮ ಜೀವದ ಪಾಠವನ್ನೇ ನನ್ನ ಬಾಯಿಗೆ ಕೊಟ್ಟರು. ಆ ಹೊತ್ತು ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ. ಪಾಠ ತಪ್ಪು ಎಂದು ನನಗೆ ಗೊತ್ತಿದ್ದೂ ತುಂಬಿ ಬಂತು. ಅದೇ ನನ್ನ ಅವಸ್ಥೆ.

ಹೌದು, ಪಾಠ ತಪ್ಪು. ಗೊತ್ತಾದದ್ದು ಹೇಗೆಂದು ಹೇಳಬೇಕು.

ಎರಡನೇ ವರ್ಷ ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಇತ್ತು. ನೀರು, ಗಾಳಿ, ಎಣ್ಣೆ, ಹರಿಯುವಂಥ ಎಲ್ಲದರ ಶಾಸ್ತ್ರ. ಮೊದಲ ದಿನ ಪ್ರೊಫೆಸರ್ ಬೋರ್ಡಿನ ಮೇಲೆ ಬರೆದ ವ್ಯಾಖ್ಯೆ ಇನ್ನೂ ನೆನಪಿದೆ: ಎಷ್ಟೇ ಸಣ್ಣದಾಗಿ ಪಕ್ಕಕ್ಕೆ ತಳ್ಳಿದರೂ ತಡೆದು ನಿಲ್ಲಲಾರದೆ ಸರಿದುಹೋಗುವ ವಸ್ತು. ಬರೆದುಕೊಳ್ಳುತ್ತಾ ಅಂದುಕೊಂಡೆ, ನನ್ನ ಜಾತಕ ಇವರಿಗೆ ಯಾರು ಕೊಟ್ಟರು? ಮುಂದಿನ ವಾರ ಇನ್ನೊಂದು ಹೇಳಿದರು. ಕೊಳವೆಯಲ್ಲಿ ನೀರು ಎಷ್ಟೇ ರಭಸದಿಂದ ಹರಿಯಲಿ, ಗೋಡೆಗೆ ತಾಗಿಕೊಂಡ ಪದರ ಮಾತ್ರ ನಿಂತೇ ಇರುತ್ತದೆ. ನಾನು ಕೂರುತ್ತಿದ್ದದ್ದು ಕೊನೇ ಬೆಂಚಿನಲ್ಲಿ, ಗೋಡೆಗೆ ತಾಗಿಕೊಂಡು.

"ಅರ್ಥ ಆಯ್ತಾ?" ಎಂದು ಕೇಳಿದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದೆ. ನಿಜಕ್ಕೂ ಅರ್ಥವಾಗುತ್ತಿತ್ತು. ರಾತ್ರಿಯೆಲ್ಲ ಲೆಕ್ಕ ಮಾಡಿಕೊಂಡು ಬಂದವರು ನನ್ನ ಉತ್ತರ ನೋಡಿಯೇ ತಮ್ಮದು ತಿದ್ದಿಕೊಳ್ಳುತ್ತಿದ್ದರು. ಬಾಯಿ ಬಿಟ್ಟು ಹೇಳುವುದೊಂದು ಬರುತ್ತಿರಲಿಲ್ಲ.

ವರ್ಷದ ಕೊನೆಗೆ ಲ್ಯಾಬಿನಲ್ಲಿ ಬಾಯಿಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕೈಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದರು. ನೀರಿನ ಕೊಳವೆ, ಒತ್ತಡ ಅಳೆಯುವ ಗಾಜಿನ ನಳಿಗೆ, ಎಲ್ಲ ಕೇಳಿದರು. ನನ್ನ ದನಿ ಅವರ ಲೋಟದ ತನಕವೂ ತಲುಪುತ್ತಿರಲಿಲ್ಲ. "ಸ್ವಲ್ಪ ಜೋರಾಗಿ ಹೇಳಮ್ಮ" ಎಂದು ಎರಡು ಸಲ ಅಂದು, ಪಾಪ ಎನಿಸಿತೋ ಏನೋ, ಸುಲಭದ್ದೆಂದು ಇದನ್ನು ಕೇಳಿದರು:

"ರೆಕ್ಕೆ ಮೇಲಿನ ಗಾಳಿ ಯಾಕೆ ಜೋರಾಗಿ ಹೋಗುತ್ತೆ?"

ನನ್ನ ಬೆನ್ನು ನೆಟ್ಟಗಾಯಿತು. ಇದು ನನ್ನ ಮನೆಯ ಪಾಠ! ಒಂದು ತೊದಲೂ ಇಲ್ಲದೆ, ಕೋಣೆಯ ತುದಿಗೂ ಕೇಳುವ ಹಾಗೆ ಹೇಳಿದೆ. ಮೂತಿ, ಗುಡ್ಡ, ಉದ್ದದ ದಾರಿ, ಬಾಲದ ಹತ್ತಿರ ಒಟ್ಟಿಗೆ ಸೇರಬೇಕು, ಅದಕ್ಕೇ ಓಟ. ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಆ ಕಾಲೇಜಿನಲ್ಲಿ ಅದೇ ಮೊದಲು.

ಪರೀಕ್ಷಕರು ಲೋಟ ಕೆಳಗಿಟ್ಟರು. "ಸೇರಲೇಬೇಕು ಅಂತ ಅವಕ್ಕೆ ಯಾರಮ್ಮ ಹೇಳಿದ್ದು? ಅಪಾಯಿಂಟ್‌ಮೆಂಟ್ ಇದೆಯಾ?"

ನಮ್ಮ ಪ್ರೊಫೆಸರ್ ನಕ್ಕರು. ಬಾಗಿಲ ಹೊರಗೆ ಸರದಿ ಕಾಯುತ್ತಿದ್ದವರೂ ನಕ್ಕರು.

"ಕಾಗದದ ವಿಮಾನದ ರೆಕ್ಕೆ ಚಪ್ಪಟೆ, ಅದು ಹಾರಲ್ವಾ? ತಲೆಕೆಳಗಾಗಿ ಹಾರೋ ವಿಮಾನ ನೋಡಿಲ್ವಾ? ರೆಕ್ಕೆ ಗಾಳಿಯನ್ನ ಕೆಳಕ್ಕೆ ಬಾಗಿಸುತ್ತೆ, ಅದಕ್ಕೆ ತಾನು ಮೇಲೇಳುತ್ತೆ. ಈ ಕಾಗಕ್ಕ ಗುಬ್ಬಕ್ಕನ ಕತೆ ಯಾವ ಮಹಾಶಯ ಹೇಳಿಕೊಟ್ಟಿದ್ದು?"

ಗಟ್ಟಿ ದನಿಯೆಲ್ಲ ಅಲ್ಲೇ ಮುಗಿದಿತ್ತು.

ಅವತ್ತಿನಿಂದ ಓದು ಮುಗಿಯುವ ತನಕ ನನ್ನ ಹೆಸರು ಅಪಾಯಿಂಟ್‌ಮೆಂಟ್. "ಏ ಅಪಾಯಿಂಟ್‌ಮೆಂಟ್, ಊಟಕ್ಕೆ ಬರ್ತೀಯಾ?" "ಬೇಡ್ವೋ, ಅವಳು ಬಾಲದ ಹತ್ರ ಬಂದು ಸೇರ್ತಾಳೆ." ಇದನ್ನು ಪ್ರೀತಿಯಿಂದ ಅಂದವರೂ ಇದ್ದರು. ಪ್ರೀತಿಯಿಂದ ಅಂದರೂ ಚುಚ್ಚುವುದು ಚುಚ್ಚುತ್ತದೆ.

ರಜೆಗೆ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕೇಳಿದರು. "ಪರೀಕ್ಷೇಲಿ ಏನ್ ಕೇಳಿದ್ರು?"

"ರೆಕ್ಕೆ ಬಗ್ಗೆ ಕೇಳಿದ್ರು."

"ಮೇಲಿನ ಗಾಳಿ ಯಾಕೆ ಓಡುತ್ತೆ ಅಂತಾನಾ? ಹೇಳಿದ್ಯಾ?"

"ಹೇಳಿದೆ. ಅವರು..."

"ಜೋರಾಗಿ ಹೇಳಿದ್ಯಾ?"

"ಜೋರಾಗಿ ಹೇಳಿದೆ. ಆಮೇಲೆ..."

"ನೋಡೇ!" ಅಪ್ಪ ಆಗಲೇ ಅಡುಗೆಮನೆ ಕಡೆ ತಿರುಗಿದ್ದರು. "ಅಷ್ಟು ದೊಡ್ಡ ಕಾಲೇಜಲ್ಲೂ ಕೇಳಿದ್ದು ನನ್ನ ಪಾಠಾನೇ!"

ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ನಾನು ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅದನ್ನು ಮೆರವಣಿಗೆ ಹೊರಡಿಸಿದವರು ಅಪ್ಪ.

ಮೂರನೇ ವರ್ಷ ಲ್ಯಾಬಿನಲ್ಲಿ ಕಣ್ಣಾರೆ ಕಂಡೆ. ಗಾಳಿ ಹಾಯಿಸುವ ಉದ್ದ ಪೆಟ್ಟಿಗೆಯೊಳಗೆ ಸಣ್ಣದೊಂದು ರೆಕ್ಕೆ, ಮುಂದಿನಿಂದ ಬಿಳೀ ಹೊಗೆ. ಹೊಗೆಯನ್ನು ಎಡೆಬಿಡದೆ ಬಿಡುವ ಬದಲು ತುಂಡು ತುಂಡಾಗಿ ಬಿಟ್ಟೆವು. ಪ್ರತಿ ತುಂಡೂ ಮೂತಿಗೆ ಬಡಿದು ಎರಡಾಗುತ್ತಿತ್ತು. ಮೇಲಿನ ಅರ್ಧ ಸರ್ರನೆ ಜಾರಿ ಬಾಲ ದಾಟಿ ಹೋದಾಗ ಕೆಳಗಿನ ಅರ್ಧ ಇನ್ನೂ ರೆಕ್ಕೆಯ ಹೊಟ್ಟೆಯ ಕೆಳಗೇ ಇರುತ್ತಿತ್ತು. ಮತ್ತೆ ಯಾವತ್ತೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಮೇಲಿನವಳು ಓಡಿದ್ದು ಗೆಳತಿಯನ್ನು ಸೇರುವುದಕ್ಕೆ ಅಲ್ಲವೇ ಅಲ್ಲ. ಜೊತೆಯವರು ಚಹಾಕ್ಕೆ ಹೋದರು. ನಾನು ಮಾತ್ರ ಗಾಜಿಗೆ ಹಣೆ ಹಚ್ಚಿಕೊಂಡು, ಒಂದಾದ ಮೇಲೊಂದು ಹೊಗೆ ಬಿಡುತ್ತಲೇ ನಿಂತೆ, ಒಂದು ಸಲವಾದರೂ ಸೇರೀತೇನೋ ಎಂದು.

ಆ ಸಲ ಊರಿಗೆ ಬಂದಾಗ ಧೈರ್ಯ ಮಾಡಿ ಹೇಳಲು ಹೋದೆ. ಹಾಳೆಯ ಮೇಲೆ ರೆಕ್ಕೆ ಬರೆದು, ಹೊಗೆ ಬರೆದು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ರೆಕ್ಕೆಯ ಉಬ್ಬು ಇನ್ನಷ್ಟು ಚೆಂದ ಮಾಡಿದರು.

"ನಿಮ್ಮ ಪೆಟ್ಟಿಗೆ ಎಲ್ಲೋ ಸೋರುತ್ತಿರಬೇಕು," ಎಂದರು. ಅಷ್ಟೇ.

ಒಂದು ಮಾತು ಬರೆಯಲು ಮರೆತೆ. ನಾನು ಕಾಲೇಜಿಗೆ ಸೇರಿದ ವರ್ಷದಿಂದ ಅಪ್ಪ ಹಲಗೆಯ ಹಿಡಿ ಹಿಡಿದದ್ದಿಲ್ಲ. ನೆಂಟರು ಕೇಳಿದರೆ ಹೆಗಲು ನೋವು ಎನ್ನುತ್ತಿದ್ದರು. "ಸಂತೆಯಿಂದ ಎರಡು ಚೀಲ ಹೊತ್ಕೊಂಡು ಬರೋವಾಗ ಇಲ್ಲದ ನೋವು," ಎಂದು ಅಮ್ಮ ಮೂಗು ಮುರಿಯುತ್ತಿದ್ದಳು. ನಾನು ವಯಸ್ಸು ಅಂದುಕೊಂಡಿದ್ದೆ.

ರೆಕಾರ್ಡು ಮಾಡಿದ್ದು ಆ ಹೊಸ ಕೋಣೆಯಲ್ಲೇ, ಶಾಲೆಗೆ ರಜೆಯಿದ್ದ ದಿನ ಬೆಳಿಗ್ಗೆ. ಗೋಡೆಯ ಸುಣ್ಣ ಇನ್ನೂ ಘಾಟು. ಶಬ್ದ ಬರಬಾರದೆಂದು ಮೈಕಿನವನು ಫ್ಯಾನು ನಿಲ್ಲಿಸಿದ್ದ, ಕಿಟಕಿ ಮುಚ್ಚಿದ್ದ. ಗಾಜಿನ ಪೆಟ್ಟಿಗೆಯೊಳಗೆ ಹಲಗೆ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಅಪ್ಪ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕೈಗೆ ಕೊಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು.

"ಕೆಂಪು ದೀಪ ಹತ್ತಿದ್ರೆ ಶುರು ಮಾಡಿ ಅಕ್ಕ," ಎಂದ ಮೈಕಿನವನು.

ಓದಿದೆ. ಅವನು ಕಿವಿಗೆ ಹಾಕಿಕೊಂಡದ್ದನ್ನು ಒತ್ತಿ ಹಿಡಿದ. "ಅಕ್ಕ, ದನಿ ಬರ್ತಿಲ್ಲ. ಯಾರಿಗೋ ಗುಟ್ಟು ಹೇಳಿದ ಹಾಗಿದೆ."

"ಅವಳು ಚಿಕ್ಕಂದಿನಿಂದ ಹಾಗೇ," ಎಂದರು ಅಪ್ಪ. "ಹೊಟ್ಟೆಯಿಂದ ಬರ್ಬೇಕು ಪುಟ್ಟಿ, ಹೊಟ್ಟೆಯಿಂದ."

ಇನ್ನೊಮ್ಮೆ ಓದಿದೆ. ಈ ಸಲ ದನಿ ಬಂತು, ಆದರೆ ನನ್ನ ಜೊತೆ ಅಪ್ಪನ ದನಿಯೂ ಬಂತು. ತಮಗೆ ತಿಳಿಯದೆಯೇ ಪ್ರತಿ ಪದವನ್ನೂ ನನಗಿಂತ ಒಂದು ಹೆಜ್ಜೆ ಮುಂದೆ ಹೇಳುತ್ತಿದ್ದರು.

"ಸಾರ್, ಇಬ್ಬರೂ ಹೇಳ್ತಿದ್ದೀರಿ," ಮೈಕಿನವನು ನಕ್ಕ. "ಹಾಗಾದ್ರೆ ನೀವೇ ಹೇಳಿಬಿಡಿ ಸಾರ್. ನಿಮ್ಮ ದನಿ ನಮಗೆಲ್ಲ ಪರಿಚಯ. ಕಂಚಿನ ಕಂಠ."

"ಬೇಡ ಬೇಡ. ಅವಳದ್ದೇ ಇರಲಿ." ಅಪ್ಪ ಎರಡೂ ಕೈ ಆಡಿಸಿದರು.

ಅಷ್ಟರಲ್ಲಿ ಗೋಡೆಯ ಆಚೆ ನೀರಿನ ಪಂಪು ಗುಂಯ್ ಎಂದು ಶುರುವಾಯಿತು. ಮೈಕಿನವನು ಹಣೆ ಚಚ್ಚಿಕೊಂಡು, "ಇದೊಂದು ಬಾಕಿ ಇತ್ತು, ನಿಲ್ಲಿಸಿ ಬರ್ತೀನಿ," ಎಂದು ಹೊರಗೆ ಹೋದ. ನಾನು, ಅಪ್ಪ ಇಬ್ಬರೇ ಉಳಿದೆವು.

"ಅಪ್ಪ," ಎಂದೆ. "ಇದನ್ನ ನೀವೇ ಹೇಳಿ. ನನಗೆ... ಅವತ್ತು ಹೊಗೆ ಬಗ್ಗೆ ಹೇಳಿದ್ನಲ್ಲ..."

"ಗೊತ್ತು ಕಣೇ," ಎಂದರು.

ಪಂಪಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವರ ಮುಖ ನೋಡಿದೆ.

"ಸೇರಲ್ಲ ಅಂತ ಗೊತ್ತು. ನನ್ನ ಹತ್ರ ಓದಿದ ಒಬ್ಬ ಈಗ ವಿಮಾನ ಹಾರಿಸ್ತಾನೆ. ಒಂದ್ಸಲ ಶಾಲೆಗೆ ಬಂದು ಈ ಪಾಠಕ್ಕೆ ಕೂತಿದ್ದ. ಎಲ್ಲರ ಎದುರಿಗೇ ಎದ್ದು ನಿಂತು, ಸಾರ್ ಅದು ಹಾಗಲ್ಲ ಅಂದ. ಒಳ್ಳೇ ಹುಡುಗ, ನಯವಾಗೇ ಹೇಳಿದ." ಅಪ್ಪ ಮೊಣಕಾಲಿನ ಮೇಲಿದ್ದ ಸುಣ್ಣದ ಪುಡಿ ಒರೆಸಿಕೊಂಡರು. "ಅದಕ್ಕೇ ನನ್ನ ದನಿ ಬೇಡ ಅಂದಿದ್ದು. ನಾನು ಹೇಳಿದ್ರೆ ಯಾವನಾದ್ರೂ ಎದ್ದು ನಿಲ್ತಾನೆ. ಇಂಜಿನಿಯರು ಹೇಳಿದ್ರೆ ಯಾರು ಎದುರು ಮಾತಾಡ್ತಾರೆ? ಮಕ್ಕಳಿಗೆ ಅರ್ಥ ಆಗುತ್ತೆ, ಖುಷಿ ಪಡ್ತಾರೆ. ಅಷ್ಟು ಸಾಲದಾ?"

ಮಗಳು ಇಂಜಿನಿಯರು, ಅವಳು ಹೇಳಲಿ. ಆ ಮಾತಿಗೆ ನಾನು ಕಣ್ಣು ತುಂಬಿಕೊಂಡಿದ್ದೆ. ಈಗ ಕಣ್ಣು ಒಣಗಿತ್ತು.

"ಅವನು ಬಂದಿದ್ದು ಯಾವಾಗ?"

"ಯಾವಾಗ ಅಂದ್ರೆ... ನೀನು ಕಾಲೇಜಿಗೆ ಸೇರಿದ ವರ್ಷ."

ಆ ಹೆಗಲು ನೋವು. ಆಮೇಲಿನ ವರ್ಷ ನನ್ನ ಬಾಯಿಪರೀಕ್ಷೆ. ಅಪ್ಪ ಬಸ್ಸಿನ ಹತ್ತಿರ ಬಂದು, ಕಿಟಕಿಯ ಸರಳು ಹಿಡಿದುಕೊಂಡು, "ಹೆದರ್ಬೇಡ, ನಮ್ಮ ಮನೇಲಿ ಕಲಿತದ್ದೇ ಸಾಕು," ಎಂದು ಕಳಿಸಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗಳೇ, ಅದೊಂದನ್ನು ಹೇಳಬೇಡ, ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಿದ್ದರೆ ನನ್ನ ಎದುರಿಗೆ ಅವರು ಚಿಕ್ಕವರಾಗುತ್ತಿದ್ದರು. ಅದಕ್ಕಿಂತ ನಾನು ಇಡೀ ಕಾಲೇಜಿನ ಎದುರಿಗೆ ಚಿಕ್ಕವಳಾಗುವುದು ಅವರಿಗೆ ಸುಲಭವಾಗಿ ಕಂಡಿತು.

"ನನ್ನ ಪರೀಕ್ಷೆಗಿಂತ ಮುಂಚೆ," ಎಂದೆ.

"ಅದಕ್ಕೇನೀಗ? ನಿನಗೆ ಅಲ್ಲಿ ಸರಿಯಾದ್ದು ಹೇಳಿಕೊಟ್ಟಿರ್ತಾರೆ ಅಂದ್ಕೊಂಡೆ. ನೀನೇ ಬಂದು, ಹೇಳಿದೆ ಅಂದ್ಯಲ್ಲ, ಜೋರಾಗಿ ಹೇಳಿದೆ ಅಂತ." ಅಪ್ಪನ ದನಿಯಲ್ಲಿ ತಪ್ಪು ನನ್ನದೇ ಎನ್ನುವ ಒಂದು ಸಣ್ಣ ಬೇಸರವಿತ್ತು.

ಪಂಪು ನಿಂತಿತು. ಮೈಕಿನವನು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ.

"ಈ ಸಲ ಫೈನಲ್ ಅಕ್ಕ. ಸಾರ್, ನೀವು ತುಟಿ ಅಲ್ಲಾಡಿಸಬಾರದು. ನಾನು ಹಲಗೆಯ ಮೋಟಾರೂ ಹಾಕ್ತೀನಿ, ಮಣಿ ನೋಡ್ಕೊಂಡು ಹೇಳಿ."

ಅಪ್ಪ ಬಾಯಿಯ ಮೇಲೆ ಬೆರಳಿಟ್ಟುಕೊಂಡು ತಮಾಷೆ ಮಾಡಿದರು. ಅವನು ನಕ್ಕ. ಕೆಂಪು ದೀಪ ಹತ್ತಿತು.

ಬರೆದುಕೊಟ್ಟ ಹಾಳೆಯನ್ನು ನಾನು ಮಡಚಿ ಕುರ್ಚಿಯ ಮೇಲಿಟ್ಟೆ. ಗಾಜಿನೊಳಗೆ ಮಣಿಗಳು ಹೊರಟವು. ಕೆಂಪು ಉಬ್ಬು ಹತ್ತಿತು, ನೀಲಿ ನೆಟ್ಟಗೆ ಜಾರಿತು. ಹಲಗೆಯ ಹಿಂದೆ, ಯಾರಿಗೂ ಕಾಣದ ಕಡೆ, ನಾನು ಚಿಕ್ಕ ಕೈಯಲ್ಲಿ ಕೊಟ್ಟ ಪಟ್ಟಿ ಸುತ್ತಿಕೊಂಡ ಆ ರೀಲು ತಿರುಗುತ್ತಿತ್ತು. ನನ್ನ ದನಿ ಹೇಗೆ ಕೇಳಿಸುತ್ತದೋ ಎನ್ನುವ ಚಿಂತೆ ಆಗ ನೆನಪಿಗೇ ಬರಲಿಲ್ಲ. ಎರಡೂ ಮಣಿಗಳು ಬಾಲದ ತುದಿಯಲ್ಲಿ ಟಕ್ ಎಂದು ಸೇರಿದವು. ಅಪ್ಪನ ತುಟಿ ಆಗಲೇ ಅಲ್ಲಾಡತೊಡಗಿತ್ತು.

ಅದಕ್ಕಿಂತ ಮೊದಲು ನಾನು ಹೇಳಿದೆ, ಹೊಟ್ಟೆಯಿಂದ:

"ಈ ಮಣಿಗಳನ್ನ ಸೇರಿಸಿದ್ದು ನಾನು, ನಮ್ಮಪ್ಪ. ಗಾಳಿ ಸೇರೋದಿಲ್ಲ."